‘ಓಕೆ’ಯ ಹುಟ್ಟು: ಕಥೆ ಬೇರೆ, ದಾಖಲೆ ಬೇರೆ

ಇಂಗ್ಲಿಷಿನ ಆಡುಮಾತಿನಿಂದ ಹೊರಬಿದ್ದು ಜಗತ್ತಿನ ಮೂಲೆಮೂಲೆಯನ್ನೂ ಮುಟ್ಟಿದ ಪದ ಒಂದಿದ್ದರೆ ಅದು ‘ಓಕೆ’. ಅದರ ಹುಟ್ಟಿನ ಬಗ್ಗೆ ಇರುವಷ್ಟು ಕಥೆಗಳು ಇನ್ನೊಂದು ಪದಕ್ಕೆ ಇರಲಾರವು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಮಾತಿನಿಂದ ಬಂತು ಎನ್ನುವವರು ಕೆಲವರು, ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯಿಂದ ಬಂತು ಎನ್ನುವವರು ಕೆಲವರು. ಗ್ರೀಕರು ತಮ್ಮ ‘ಓಲಾ ಕಲಾ’ ತೋರಿಸುತ್ತಾರೆ, ಸ್ಕಾಟ್ಲೆಂಡಿನವರು ‘ಓಖ್ ಐ’ ತೋರಿಸುತ್ತಾರೆ. ಹೇಟಿಯ ‘ಓ ಕೇ’ ಬಂದರಿನ ರಮ್ಮು ಅಷ್ಟು ಚೆನ್ನಾಗಿತ್ತಂತೆ, ಹಾಗಾಗಿ ಒಳ್ಳೆಯದಕ್ಕೆಲ್ಲ ಅದೇ ಹೆಸರಾಯಿತಂತೆ. ಒಬಡಾಯ ಕೆಲ್ಲಿ ಎಂಬ ರೈಲ್ವೆ ಗುಮಾಸ್ತ ಸರಕಿನ ಚೀಟಿಗಳ ಮೇಲೆ ತನ್ನ ಇನಿಷಿಯಲ್ ಹಾಕುತ್ತಿದ್ದನಂತೆ. ಅಮೆರಿಕದ ಅಂತರ್ಯುದ್ಧದ ಸೈನಿಕರು ತಿನ್ನುತ್ತಿದ್ದ ಬಿಸ್ಕತ್ತಿನ ಮೇಲೆ ತಯಾರಕ ಓರಿನ್ ಕೆಂಡಲ್‌ನ ಹೆಸರಿನ ಮೊದಲಕ್ಷರಗಳಿದ್ದವಂತೆ. ಯುದ್ಧದಲ್ಲಿ ಒಬ್ಬರೂ ಸಾಯದ ದಿನ ‘ಸೊನ್ನೆ ಸಾವು’ ಎನ್ನುವುದನ್ನು ಸೊನ್ನೆ ಮತ್ತು ‘ಕಿಲ್ಡ್’ನ ಕೆ ಹಾಕಿ ಚುಟುಕಾಗಿ ಬರೆಯುತ್ತಿದ್ದರಂತೆ. ಇವುಗಳಲ್ಲಿ ಯಾವುದಾದರೊಂದನ್ನು ನಂಬಿಕೊಂಡವರು ಇವತ್ತಿಗೂ ಬಹಳ ಮಂದಿ. ಉಳಿದವರು ‘ಇದರ ಮೂಲ ಯಾರಿಗೂ ಗೊತ್ತಿಲ್ಲ, ಅದೊಂದು ಒಗಟು’ ಎಂದು ಕೈಚೆಲ್ಲುತ್ತಾರೆ. ಅದು ಒಗಟಲ್ಲ. ಓಕೆ ಎಲ್ಲಿ, ಯಾವಾಗ, ಯಾವ ಸಂದರ್ಭದಲ್ಲಿ ಹುಟ್ಟಿತು ಎನ್ನುವುದು ಅರವತ್ತು ವರ್ಷಗಳಿಂದ ವಿದ್ವಾಂಸರಿಗೆ ಚೆನ್ನಾಗಿ ಗೊತ್ತಿದೆ. ಆ ಉತ್ತರ ಕೇಳಿದವರಿಗೆ ರುಚಿಸುವುದಿಲ್ಲ, ಅಷ್ಟೇ ತೊಂದರೆ.

1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಒಂದು ಸಣ್ಣ ಬರಹ ಬಂತು. ಪತ್ರಿಕೆಯ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಬಾಸ್ಟನ್ನಿನ ನಗರಸಭೆ ಊಟದ ಹೊತ್ತಿಗೆ ಗಂಟೆ ಬಾರಿಸಬಾರದೆಂದು ಒಂದು ನಿಯಮ ಮಾಡಿತ್ತು. ಆ ನಿಯಮದ ಸುತ್ತ ತಮಾಷೆಗೆಂದೇ ಊರಿನ ಕೆಲವರು ‘ಗಂಟೆ ಬಾರಿಸುವುದರ ವಿರೋಧಿ ಸಂಘ’ ಕಟ್ಟಿಕೊಂಡಿದ್ದರು. ಸಂಘದ ಸದಸ್ಯರು ನ್ಯೂಯಾರ್ಕಿಗೆ ಹೋಗಿದ್ದ ಸುದ್ದಿ, ಹಿಂದಿರುಗುವಾಗ ಪ್ರಾವಿಡೆನ್ಸ್ ಊರಿನ ಮೇಲೆ ಹಾದು ಬಂದರೆ ಅಲ್ಲಿನ ಪತ್ರಿಕೆಯ ಸಂಪಾದಕ ಅವರನ್ನು ಹೇಗೆ ಉಪಚರಿಸಬೇಕಾದೀತು, ಬಾಟಲಿಗಳ ಬಿರಡೆ ಹೇಗೆ ಹಾರೀತು ಎಂಬ ಹಾಸ್ಯ ಆ ಬರಹದಲ್ಲಿದೆ. ಅದರ ನಡುವೆ, ಚಿಕ್ಕಕ್ಷರದಲ್ಲಿ, ಓ ಮತ್ತು ಕೆ ಎಂಬ ಎರಡು ಅಕ್ಷರಗಳು. ಪಕ್ಕದಲ್ಲೇ ಅಡ್ಡಗೆರೆ ಎಳೆದು ಅದರ ಅರ್ಥ: ‘ಆಲ್ ಕರೆಕ್ಟ್’, ಎಲ್ಲ ಸರಿ. ಕಾಗುಣಿತ ಬಾರದವನು ಬರೆದಂತೆ ‘ಆಲ್’ ಅನ್ನು ಓ ಅಕ್ಷರದಿಂದಲೂ ‘ಕರೆಕ್ಟ್’ ಅನ್ನು ಕೆ ಅಕ್ಷರದಿಂದಲೂ ಬರೆದು, ಆಮೇಲೆ ಮೊದಲಕ್ಷರಗಳನ್ನು ಮಾತ್ರ ಉಳಿಸಿಕೊಂಡದ್ದು. ಎಲ್ಲ ಸರಿ ಎಂದು ಹೇಳುವ ಎರಡು ಪದಗಳಲ್ಲಿ ಒಂದರ ಮೊದಲಕ್ಷರವೂ ಸರಿಯಿಲ್ಲ ಎನ್ನುವುದೇ ಅಲ್ಲಿನ ಹಾಸ್ಯ.

ಈ ಒಂದು ಸಾಲು ಮಾತ್ರ ಸಿಕ್ಕಿದ್ದರೆ ಅನುಮಾನಕ್ಕೆ ಜಾಗವಿತ್ತು. ಆದರೆ ಅದು ಒಂಟಿಯಾಗಿ ಬಂದದ್ದಲ್ಲ. 1838ರ ಬೇಸಿಗೆಯಿಂದ ಬಾಸ್ಟನ್ನಿನ ಪತ್ರಿಕೆಗಳಿಗೆ ಮೊದಲಕ್ಷರಗಳ ಹುಚ್ಚು ಹಿಡಿದಿತ್ತು, ಮುಂದೆ ಅದು ನ್ಯೂಯಾರ್ಕಿಗೂ ಹಬ್ಬಿತು. ‘ನಮ್ಮ ಊರಿನ ಗಣ್ಯರು’ ಎನ್ನುವುದಕ್ಕೆ ಓ.ಎಫ್.ಎಂ., ‘ಟೆಕ್ಸಸ್‌ಗೆ ಓಡಿಹೋದ’ ಎನ್ನುವುದಕ್ಕೆ ಜಿ.ಟಿ., ‘ಕ್ಷುಲ್ಲಕ’ ಎನ್ನುವ ಅರ್ಥದ ‘ಸ್ಮಾಲ್ ಪೊಟೇಟೋಸ್’ಗೆ ಎಸ್.ಪಿ. ಹೀಗೆ ಸಾಲು ಸಾಲು. ಅದರ ಮುಂದಿನ ಹೆಜ್ಜೆಯೆಂದರೆ ಬೇಕೆಂದೇ ತಪ್ಪು ಕಾಗುಣಿತ. ‘ನೋ ಗೋ’ ಎನ್ನುವುದು ಎನ್.ಜಿ. ಆಗಬೇಕಿತ್ತು, ಅದನ್ನು ಕೆ.ಜಿ. ಮಾಡಿದರು, ‘ನೋ ಯೂಸ್’ ಕೆ.ವೈ. ಆಯಿತು, ‘ಆಲ್ ರೈಟ್’ ಎನ್ನುವುದು ಓ.ಡಬ್ಲ್ಯು. ಆಯಿತು. ಈ ಕೊನೆಯದನ್ನು ಓಕೆಯ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ತಾನಾಗಿ ಕಾಣುತ್ತದೆ: ಅದೇ ಊರು, ಅದೇ ಕಾಲ, ಅದೇ ಬಗೆಯ ತಪ್ಪು, ಹೆಚ್ಚುಕಡಿಮೆ ಅದೇ ಅರ್ಥ. ಓಕೆಯ ಮೂಲವನ್ನು ಬೇರೆಲ್ಲೋ ಹುಡುಕುವವರು ಮೊದಲು ವಿವರಿಸಬೇಕಾದದ್ದು ಈ ಒಡಹುಟ್ಟುಗಳನ್ನು. ಚಾಕ್ಟಾ ಭಾಷೆಯಿಂದಲೋ ವೊಲೊಫ್‌ನಿಂದಲೋ ಬಂದ ಪದವೊಂದು, ತನ್ನಂತೆಯೇ ಕಾಣುವ ಹತ್ತಾರು ತಮಾಷೆಯ ಪದಗಳ ಗುಂಪಿನಲ್ಲೇ, ಅವುಗಳ ಜೊತೆಗೇ, ಮೊದಲ ಸಲ ಅಚ್ಚಾಗುವುದು ಹೇಗೆ? ಅದರ ಅರ್ಥವನ್ನು ಪತ್ರಿಕೆಯೇ ಪಕ್ಕದಲ್ಲಿ ಬಿಡಿಸಿ ಬರೆಯಬೇಕಾಗಿ ಬಂದದ್ದು ಏಕೆ? ಓದುಗರಿಗೆ ಆಗಲೇ ಪರಿಚಯವಿದ್ದ ಪದಕ್ಕೆ ಯಾವ ಪತ್ರಕರ್ತನೂ ಅರ್ಥ ಬರೆಯುವುದಿಲ್ಲ.

ಇದನ್ನೆಲ್ಲ ಬೆಳಕಿಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲನ್ ವಾಕರ್ ರೀಡ್. ಕಂಪ್ಯೂಟರಿನಲ್ಲಿ ಪದ ಹಾಕಿ ಹುಡುಕುವ ಅನುಕೂಲ ಇಲ್ಲದ ಕಾಲದಲ್ಲಿ ಅವರು ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪುಟಪುಟವಾಗಿ ಮಗುಚಿದರು. 1941ರಲ್ಲಿ ಅವರು ಬರೆದ ಲೇಖನದಲ್ಲಿ ಓಕೆಯ ಮೂಲವನ್ನು 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗುರುತಿಸಿದ್ದರು. ಹುಡುಕಾಟ ಮುಂದುವರಿದಂತೆ ಒಂದು ವರ್ಷ ಹಿಂದಿನ ಬಾಸ್ಟನ್ನಿನ ಬರಹ ಸಿಕ್ಕಿತು. ಅವರು ತಮ್ಮ ಹಳೆಯ ತೀರ್ಮಾನಕ್ಕೆ ಜೋತುಬೀಳಲಿಲ್ಲ. 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಸರಣಿ ಲೇಖನಗಳನ್ನು ಬರೆದು, ಮೊದಲ ಬಳಕೆ ಯಾವುದು, ನಂತರದ್ದು ಯಾವುದು, ಯಾವ ಊರಿನಿಂದ ಯಾವ ಊರಿಗೆ ಹೋಯಿತು, ನಡುವೆ ಹುಟ್ಟಿಕೊಂಡ ಸುಳ್ಳು ಕಥೆಗಳು ಯಾವುವು ಎನ್ನುವುದನ್ನೆಲ್ಲ ತಾರೀಖುಗಳ ಸಮೇತ ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ ಇದು ಪದಶೋಧದ ಇತಿಹಾಸದಲ್ಲೇ ಅತ್ಯಂತ ಪ್ರಾಮಾಣಿಕವಾದ ಕೆಲಸಗಳಲ್ಲೊಂದು. ಒಂದು ಪದಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ ಗಂಟುಬಿದ್ದು, ತನ್ನದೇ ಮಾತನ್ನು ತಾನೇ ತಿದ್ದಿಕೊಳ್ಳುವ ವಿದ್ವಾಂಸರು ಎಲ್ಲ ಕಾಲಕ್ಕೂ ವಿರಳ.

ಹಾಗಾದರೆ 1840ರ ಚುನಾವಣೆಗೆ ಇಲ್ಲಿ ಏನು ಪಾತ್ರ? ದೊಡ್ಡ ಪಾತ್ರವೇ ಇದೆ. ಓಕೆಯನ್ನು ಹೆತ್ತದ್ದು ಬಾಸ್ಟನ್ನಿನ ಪತ್ರಿಕೆ, ಸಾಯದಂತೆ ಕಾಪಾಡಿದ್ದು ಆ ಚುನಾವಣೆ. ಆಗ ಅಧ್ಯಕ್ಷನಾಗಿದ್ದವನು ಮಾರ್ಟಿನ್ ವ್ಯಾನ್ ಬ್ಯೂರನ್. ಅವನ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬುದು ಅವನಿಗಿದ್ದ ಅಡ್ಡಹೆಸರುಗಳಲ್ಲಿ ಒಂದು. ಅದರ ಮೊದಲಕ್ಷರಗಳು ಓ ಮತ್ತು ಕೆ. ಅವನ ಬೆಂಬಲಿಗರು ನ್ಯೂಯಾರ್ಕ್ ನಗರದಲ್ಲಿ ‘ಓಕೆ ಕ್ಲಬ್’ ಕಟ್ಟಿದರು, ಆ ಎರಡಕ್ಷರಗಳನ್ನೇ ಘೋಷಣೆ ಮಾಡಿಕೊಂಡರು, ವಿರೋಧಿಗಳ ಸಭೆಗೆ ನುಗ್ಗುವಾಗಲೂ ಅದನ್ನೇ ಕೂಗಿದರು. ನಮ್ಮ ಅಭ್ಯರ್ಥಿ ಓಕೆ, ಅವನಿದ್ದರೆ ಎಲ್ಲವೂ ಓಕೆ ಎಂಬ ಎರಡರ್ಥ ಅವರಿಗೆ ಅನಾಯಾಸವಾಗಿ ದಕ್ಕಿತು. ವಿರೋಧ ಪಕ್ಷವಾದ ವಿಗ್ ಪಕ್ಷದವರು ಬಿಟ್ಟಾರೆಯೇ? 1837ರಲ್ಲಿ ಬ್ಯಾಂಕುಗಳು ಕುಸಿದು ದೇಶ ಆರ್ಥಿಕ ಸಂಕಟದಲ್ಲಿತ್ತು. ‘ಕ್ಯಾಶ್’ ಅನ್ನು ಕೆ ಅಕ್ಷರದಿಂದ ಬರೆದು, ಓಕೆ ಎಂದರೆ ‘ಔಟ್ ಆಫ್ ಕ್ಯಾಶ್’, ಕೈಯಲ್ಲಿ ಕಾಸಿಲ್ಲ ಎಂದು ತಿರುಗೇಟು ಕೊಟ್ಟರು. ‘ಘೋರ ವಿಪತ್ತು’ ಎನ್ನುವುದಕ್ಕೂ ಅದೇ ಅಕ್ಷರ ಹೊಂದಿಸಿದರು. ವ್ಯಾನ್ ಬ್ಯೂರನ್ ಸೋತ, ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದ. ಎರಡೂ ಕಡೆಯವರ ಬಾಯಲ್ಲಿ ತಿಂಗಳುಗಟ್ಟಲೆ ಓಡಾಡಿದ ಪದ ಮಾತ್ರ ದೇಶವಿಡೀ ಪರಿಚಿತವಾಗಿತ್ತು. ಕೆ.ಜಿ., ಕೆ.ವೈ., ಓ.ಡಬ್ಲ್ಯು.ಗಳಿಗೆ ಅಂಥ ಚುನಾವಣೆ ಒದಗಲಿಲ್ಲ. ಅವು ಹಳೆಯ ಪತ್ರಿಕೆಗಳಲ್ಲೇ ಉಳಿದುಹೋದವು.

ಆ ಚುನಾವಣೆಯ ಗದ್ದಲದಲ್ಲೇ ಇನ್ನೊಂದು ಕಥೆಯನ್ನೂ ತೇಲಿಬಿಟ್ಟರು, ಅದು ಇವತ್ತಿಗೂ ಬದುಕಿದೆ. ವ್ಯಾನ್ ಬ್ಯೂರನ್‌ಗಿಂತ ಹಿಂದೆ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್‌ಗೆ ಕಾಗುಣಿತವೇ ಬರುತ್ತಿರಲಿಲ್ಲ, ‘ಆಲ್ ಕರೆಕ್ಟ್’ ಅನ್ನು ಓ ಮತ್ತು ಕೆ ಹಾಕಿ ಬರೆದು ಕಡತಗಳಿಗೆ ಒಪ್ಪಿಗೆ ಕೊಡುತ್ತಿದ್ದ ಎಂಬ ಕಥೆ. ಇದು ಮೊದಲು ಕಾಣಿಸುವುದು 1840ರ ಮಾರ್ಚ್ ಕೊನೆಯಲ್ಲಿ, ಜಾಕ್ಸನ್ ಅಧಿಕಾರ ಬಿಟ್ಟು ಮೂರು ವರ್ಷವಾದ ಮೇಲೆ, ಅವನ ಪಕ್ಷವನ್ನು ಹಣಿಯುವ ಚುನಾವಣಾ ಪ್ರಚಾರದಲ್ಲಿ. ಜಾಕ್ಸನ್ ವಕೀಲಿಕೆ ಮಾಡಿದವನು, ಟೆನೆಸಿಯಲ್ಲಿ ನ್ಯಾಯಾಧೀಶನಾಗಿದ್ದವನು. ಅವನು ಓಕೆ ಎಂದು ಬರೆದ ಒಂದು ಕಡತವೂ ಸಿಕ್ಕಿಲ್ಲ. ಆಮೇಲೆ ಟೆನೆಸಿಯ ಇತಿಹಾಸಕಾರನೊಬ್ಬ 1790ರ ನ್ಯಾಯಾಲಯದ ದಾಖಲೆಯೊಂದರಲ್ಲಿ ಜಾಕ್ಸನ್ನನ ಹೆಸರಿನ ಜೊತೆ ಓಕೆ ಇದೆ ಎಂದು ತೋರಿಸಿದ. ಸರಿಯಾಗಿ ಪರಿಶೀಲಿಸಿದಾಗ ಆ ಎರಡನೆಯ ಅಕ್ಷರ ಕೆ ಅಲ್ಲ, ಆರ್ ಎಂದು ಗೊತ್ತಾಯಿತು: ‘ಆದೇಶ ದಾಖಲಾಗಿದೆ’ ಎನ್ನುವುದರ ಮೊದಲಕ್ಷರಗಳು, ನ್ಯಾಯಾಲಯದ ಗುಮಾಸ್ತರು ನಿತ್ಯ ಹಾಕುತ್ತಿದ್ದ ಷರಾ. ಕೈಬರಹದಲ್ಲಿ ಆರ್ ಅಕ್ಷರದ ಬಾಲ ಸ್ವಲ್ಪ ಚಾಚಿದರೆ ಕೆ ಎಂದೇ ಕಾಣುತ್ತದೆ. ಓಕೆ ಸಿಗಬೇಕೆಂದು ಬಯಸಿ ನೋಡುವ ಕಣ್ಣಿಗಂತೂ ಖಂಡಿತ ಹಾಗೆ ಕಾಣುತ್ತದೆ. ಆದರೂ ಈ ಸುಳ್ಳು ಕಥೆಯಿಂದ ಪದಕ್ಕೆ ಒಂದು ಉಪಕಾರವಾಯಿತು. ಅಧ್ಯಕ್ಷನೊಬ್ಬ ಕಡತಗಳ ಮೇಲೆ ಹಾಕುತ್ತಿದ್ದ ಗುರುತು ಎಂದು ನಂಬಿದ ಜನ ಅದನ್ನು ತಮ್ಮ ಕಾಗದಪತ್ರಗಳ ಮೇಲೂ ಹಾಕತೊಡಗಿದರು. ಪತ್ರಕರ್ತರ ತಮಾಷೆ ಕಚೇರಿಯ ಷರಾ ಆದದ್ದು ಹೀಗೆ. ಮುಂದೆ ತಂತಿ ಬಂತು. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಮೋರ್ಸ್‌ನ ತಂತಿ ಹಾಕಿದ ಎರಡೇ ದಶಕಗಳಲ್ಲಿ, ಸಂದೇಶ ತಲುಪಿದ ಕಚೇರಿ ಓಕೆ ಎಂದು ಮರುಸಂಕೇತ ಕೊಡುವ ತನಕ ಸಂದೇಶ ಮುಟ್ಟಿತೆಂದು ಎಣಿಸಬಾರದು ಎಂದು 1865ರ ತಂತಿ ಕೈಪಿಡಿಯೊಂದು ಹೇಳುವ ಮಟ್ಟಕ್ಕೆ ಪದ ಬೆಳೆದಿತ್ತು. ಇಷ್ಟು ಹೊತ್ತಿಗೆ ಅದರ ಹಿಂದಿದ್ದ ಕಾಗುಣಿತದ ಹಾಸ್ಯ ಯಾರಿಗೂ ನೆನಪಿರಲಿಲ್ಲ. ಅಂತರ್ಯುದ್ಧದ ಬಿಸ್ಕತ್ತಿನ ಕಥೆಯನ್ನು ತಳ್ಳಿಹಾಕಲು ಹೆಚ್ಚು ಮಾತೇ ಬೇಡ: ಆ ಯುದ್ಧ ಶುರುವಾದದ್ದು 1861ರಲ್ಲಿ, ಓಕೆ ಅಚ್ಚಾಗಿ ಇಪ್ಪತ್ತೆರಡು ವರ್ಷವಾದ ಮೇಲೆ.

ಚಾಕ್ಟಾ ವಾದವನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ, ತಳ್ಳಿಹಾಕಲೂಬಾರದು. ಆ ಭಾಷೆಯಲ್ಲಿ ‘ಓಕೆ’ಯಂತೆಯೇ ಕೇಳಿಸುವ, ವಾಕ್ಯದ ಕೊನೆಗೆ ಬಂದು ‘ಹೌದು, ಅದು ಹಾಗೆಯೇ’ ಎಂದು ಒತ್ತಿ ಹೇಳುವ ಪದ ನಿಜಕ್ಕೂ ಇದೆ. 1820ರ ದಶಕದಲ್ಲಿ ಚಾಕ್ಟಾ ಜನರ ನಡುವೆ ಕೆಲಸ ಮಾಡಿದ ಮಿಷನರಿಗಳು ಅದನ್ನು ಬರೆದಿಟ್ಟಿದ್ದಾರೆ. ಈ ವಾದವನ್ನು ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಕಡತಗಳ ಮೇಲೆ ಓಕೆಯನ್ನು ಮೊದಲಕ್ಷರಗಳಾಗಿ ಬರೆಯದೆ, ಚಾಕ್ಟಾ ಪದದ ಕಾಗುಣಿತದಲ್ಲೇ ಬರೆಯುತ್ತಿದ್ದರು. 1918ರಲ್ಲಿ ಒಟ್ಟೊ ಹೈನ್‌ಮನ್ ಸ್ಥಾಪಿಸಿದ ‘ಓಕೆ ರೆಕಾರ್ಡ್ಸ್’ ಗ್ರಾಮಾಫೋನ್ ಕಂಪನಿಯ ಹೆಸರು ಅವನ ಇನಿಷಿಯಲ್‌ಗಳಿಂದ ಬಂದದ್ದಾದರೂ, ಮೊದಲ ರೆಕಾರ್ಡುಗಳ ಮೇಲೆ ಮೂಲನಿವಾಸಿಯೊಬ್ಬನ ಮುಖದ ಚಿತ್ರವಿತ್ತು. ಆದರೆ ಪದವೊಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿತು ಎನ್ನಲು ಎರಡೂ ಕಡೆ ಒಂದೇ ಸದ್ದು ಇದ್ದರೆ ಸಾಲದು, ದಾಟಿದ ದಾರಿ ಕಾಣಬೇಕು. ಚಾಕ್ಟಾ ಜನರ ನೆಲ ಮಿಸಿಸಿಪ್ಪಿಯ ಕಡೆ, ತೀರಾ ದಕ್ಷಿಣಕ್ಕೆ. ಅಲ್ಲಿನ ವ್ಯಾಪಾರಿಗಳು, ಸೈನಿಕರು, ದುಭಾಷಿಗಳು ಇಂಗ್ಲಿಷಿನಲ್ಲಿ ಬರೆದ ಕಾಗದಗಳಲ್ಲಿ ಈ ಪದ ಒಪ್ಪಿಗೆಯ ಮಾತಾಗಿ 1839ಕ್ಕೆ ಮೊದಲು ಕಾಣಿಸಬೇಕಿತ್ತು. ಕಾಣಿಸುವುದಿಲ್ಲ. ಕಾಣಿಸುವುದು ಈಶಾನ್ಯದ ತುದಿಯ ಬಾಸ್ಟನ್ನಿನಲ್ಲಿ, ಅದೂ ತಪ್ಪು ಕಾಗುಣಿತದ ಹಾಸ್ಯವಾಗಿ. ಚಾಕ್ಟಾ ಮೂಲದ ವಾದವನ್ನು ಮೊದಲು ಮುಂದಿಟ್ಟದ್ದು 1885ರಲ್ಲಿ, ಪದ ಹುಟ್ಟಿ ನಾಲ್ಕು ದಶಕ ಕಳೆದ ಮೇಲೆ.

ವೊಲೊಫ್ ವಾದ ಇನ್ನೂ ಗಂಭೀರವಾದದ್ದು, ಅದರ ಹಿಂದೆ ಒಂದು ನ್ಯಾಯದ ಪ್ರಶ್ನೆಯೂ ಇದೆ. ಲಂಡನ್ನಿನಲ್ಲಿ ಪಶ್ಚಿಮ ಆಫ್ರಿಕಾದ ಭಾಷೆಗಳ ವಿದ್ವಾಂಸರಾಗಿದ್ದ ಡೇವಿಡ್ ಡಾಲ್ಬಿ 1970ರ ಆಸುಪಾಸಿನಲ್ಲಿ ಇದನ್ನು ಮಂಡಿಸಿದರು. ವೊಲೊಫ್‌ನಲ್ಲಿ ‘ವಾವ್ ಕೇ’ ಎಂದರೆ ‘ಹೌದು, ಖಂಡಿತ’ ಎಂದರ್ಥ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಬಾಯಿಂದ ಅದು ಬಿಳಿಯರ ಮಾತಿಗೆ ಇಳಿದಿರಬೇಕು ಎನ್ನುವುದು ಅವರ ವಾದ. 1784ರಲ್ಲಿ ಅಚ್ಚಾದ ಪ್ರವಾಸ ಕಥನವೊಂದರಲ್ಲಿ ನಾರ್ತ್ ಕೆರೊಲಿನಾದ ಕರಿಯ ಗುಲಾಮನೊಬ್ಬನ ಮಾತಿನಲ್ಲಿ ‘ಕೇ’ ಎಂಬ ಉದ್ಗಾರ ಸಿಗುತ್ತದೆ, ಜಮೈಕಾದ ಹಳೆಯ ದಾಖಲೆಗಳಲ್ಲೂ ಅಂಥದ್ದು ಸಿಗುತ್ತದೆ. ಇದಕ್ಕೆ ಉತ್ತರ ಹುಡುಕಿದವರು ಫ್ರೆಡರಿಕ್ ಕ್ಯಾಸಿಡಿ. ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ಮಹಾನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಕ್ಯಾಸಿಡಿ ಹುಟ್ಟಿದ್ದು ಜಮೈಕಾದಲ್ಲಿ, ಅಲ್ಲಿನ ಇಂಗ್ಲಿಷಿನ ನಿಘಂಟು ಕಟ್ಟಿದವರಲ್ಲಿ ಒಬ್ಬರು. ಆಫ್ರಿಕನ್ ಭಾಷೆಗಳಿಂದ ಅಮೆರಿಕದ ಇಂಗ್ಲಿಷಿಗೆ ಬಂದದ್ದನ್ನು ಅವರಷ್ಟು ಪ್ರೀತಿಯಿಂದ ಹುಡುಕಿದವರು ಕಡಿಮೆ. 1981ರಲ್ಲಿ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿದ ಅವರು, ಆ ಉದ್ಗಾರಗಳು ಅಚ್ಚರಿಯನ್ನೋ ಕುತೂಹಲವನ್ನೋ ಸೂಚಿಸುತ್ತವೆಯೇ ಹೊರತು ಒಪ್ಪಿಗೆಯನ್ನಲ್ಲ, ಓಕೆಯ ಮೂಲ ಅಲ್ಲಿಲ್ಲ ಎಂದು ತೀರ್ಮಾನಿಸಿದರು. 1815ರ ದಿನಚರಿಯೊಂದರಲ್ಲಿ ಓಕೆ ಇದೆ ಎಂಬ ವಾದವೂ ಅವರೆದುರಿಗಿತ್ತು. ಬಾಸ್ಟನ್ನಿನಿಂದ ನ್ಯೂ ಆರ್ಲಿಯನ್ಸಿಗೆ ಹೊರಟಿದ್ದ ವಿಲಿಯಂ ರಿಚರ್ಡ್‌ಸನ್ ಎಂಬುವನು ದಾರಿಯಲ್ಲಿ ಬರೆದುಕೊಂಡ ದಿನಚರಿ ಅದು. ಮೂಲ ಹಸ್ತಪ್ರತಿಯಲ್ಲಿ ಆ ಸಾಲು ಹೊಡೆದು ತಿದ್ದಿದ್ದರಿಂದ ತುಂಬಿಹೋಗಿದೆ. ಬೇರೆ ಏನನ್ನೋ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟ ಅಕ್ಷರಗಳು ಓಕೆಯಂತೆ ಕಾಣುತ್ತವೆ, ಅಷ್ಟೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಗುಲಾಮರಿಗೆ ಓದುಬರಹ ಕಲಿಸುವುದೇ ಅಪರಾಧ ಎನ್ನುವ ಕಾನೂನುಗಳಿದ್ದ ದಕ್ಷಿಣದ ರಾಜ್ಯಗಳಿಂದ ಬರಹದ ಸಾಕ್ಷ್ಯ ತನ್ನಿ ಎಂದು ಕೇಳುವುದು ನ್ಯಾಯವೇ? ಬರೆಯುವ ಅವಕಾಶವನ್ನು ಕಿತ್ತುಕೊಂಡವರೇ ‘ನಿಮ್ಮದು ಬರಹದಲ್ಲಿಲ್ಲ, ಆದ್ದರಿಂದ ನಿಮ್ಮದಲ್ಲ’ ಎಂದಂತಾಗುವುದಿಲ್ಲವೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಬರಹವೊಂದನ್ನೇ ಇತಿಹಾಸ ಎಂದುಕೊಂಡರೆ ದುಡಿಯುವ ಜನರ ಪಾಲು ಅದರಲ್ಲಿ ಕಾಣಿಸುವುದೇ ಇಲ್ಲ ಎನ್ನುವುದು ಕನ್ನಡದ ಜನಪದವನ್ನು ಅಷ್ಟಿಷ್ಟು ಬಲ್ಲವರಿಗೂ ತಿಳಿದ ವಿಷಯ. ಆದರೆ ಇದೇ ವಿಧಾನದಿಂದಲೇ ಆಫ್ರಿಕಾದ, ಮೂಲನಿವಾಸಿಗಳ ಪದಗಳು ಇಂಗ್ಲಿಷಿನಲ್ಲಿ ಇವೆ ಎಂದು ಸಾಬೀತಾಗಿರುವುದೂ ನಿಜ. ಅಮೆರಿಕದ ದಕ್ಷಿಣದಲ್ಲಿ ಕಡಲೆಕಾಯಿಗೆ ಹೇಳುವ ‘ಗೂಬರ್’ ಕಾಂಗೋ ಕಡೆಯ ‘ಎಂಗುಬ’ದಿಂದ ಬಂದದ್ದು. ಬೆಂಡೆಕಾಯಿ ಹಾಕಿ ಮಾಡುವ ಸಾರಿನ ಹೆಸರಾದ ‘ಗಂಬೊ’ ಬಂಟು ಭಾಷೆಗಳದ್ದು. ಲೂಸಿಯಾನಾದ ನಿಧಾನ ಹರಿವಿನ ಜವುಗು ತೊರೆಗಳನ್ನು ಕರೆಯುವ ‘ಬಾಯು’ ಅಲ್ಲಿನ ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದ ಚಾಕ್ಟಾ ಪದ. ಈ ಪದಗಳನ್ನು ಆಡಿದವರೂ ಬರೆಯಲಾಗದವರೇ. ಆದರೂ ಅವರ ಸುತ್ತಮುತ್ತ ಇದ್ದವರ ಬರಹಗಳಲ್ಲಿ, ಸರಿಯಾದ ಪ್ರದೇಶದಲ್ಲಿ, ಸರಿಯಾದ ಅರ್ಥದಲ್ಲಿ ಅವು ಕಾಣಿಸಿಕೊಂಡವು. ಓಕೆಯ ವಿಷಯದಲ್ಲಿ ಅಂಥದ್ದೊಂದು ಸಿಕ್ಕಿಲ್ಲ. ಅದೂ ಅಲ್ಲದೆ, ನಮ್ಮೆದುರಿಗಿರುವುದು ಬರೀ ಬರಹದ ಅಭಾವ ಅಲ್ಲ. ಬೇರೊಂದು ಮೂಲಕ್ಕೆ ನೇರವಾದ, ತಾರೀಖಿರುವ, ಅರ್ಥ ಬಿಡಿಸಿ ಹೇಳಿರುವ ಸಾಕ್ಷ್ಯ ಇದೆ. ತುಳಿಸಿಕೊಂಡವರ ಪರವಾಗಿ ನಿಲ್ಲಬೇಕೆಂಬ ಒಳ್ಳೆಯ ಮನಸ್ಸಿನಿಂದ ಅವರದಲ್ಲದ್ದನ್ನು ಅವರ ಹೆಸರಿಗೆ ಬರೆದರೆ, ನಿಜವಾಗಿ ಅವರದೇ ಆದ ಗೂಬರ್, ಗಂಬೊ, ಬಾಯುಗಳ ಮೇಲೂ ಸಂಶಯದ ನೆರಳು ಬೀಳುತ್ತದೆ. ಅವರಿಗೆ ಸಲ್ಲಬೇಕಾದ ಗೌರವ ಗಟ್ಟಿ ನೆಲದ ಮೇಲೆ ನಿಲ್ಲಲಿ ಎನ್ನುವುದೇ ನನ್ನ ಕಾಳಜಿ.

ಚೆಂದದ ಕಥೆಗೆ ಎದುರಾಗಿ ತಾರೀಖಿರುವ ಬರಹ ಬಂದು ನಿಂತಾಗ ಏನು ಮಾಡಬೇಕು ಎನ್ನುವುದನ್ನು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ್ದು, ಅಜ್ಜಿಯೊಬ್ಬಳು ಅವನಿಗೆ ಬೆಂದ ಕಾಳು ಕೊಟ್ಟದ್ದು, ಅದರಿಂದ ಬೆಂದಕಾಳೂರು ಎಂಬ ಹೆಸರು ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲು ಬೆಂಗಳೂರು ಎಂಬ ಹೆಸರನ್ನೇ ಹೇಳುತ್ತದೆ, ಅಲ್ಲಿ ನಡೆದ ಕಾಳಗವನ್ನು ನೆನೆಯುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಮೊದಲೇ ಊರಿಗೆ ಹೆಸರಿತ್ತು. ಅಜ್ಜಿಯ ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ನಾವು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಇತಿಹಾಸ ಬರೆಯುವಾಗ ಮಾತ್ರ ಕಲ್ಲಿನ ಮಾತು ಕೇಳುತ್ತೇವೆ. ಓಕೆಗೂ ಅದೇ ನಿಯಮ.

ಇನ್ನೊಂದು ಆಕ್ಷೇಪ ತರ್ಕಕ್ಕಿಂತ ಮನಸ್ಸಿಗೆ ಸಂಬಂಧಿಸಿದ್ದು. ಜಗತ್ತೇ ಬಳಸುವ ಪದ ಒಂದು ಊರಿನ ಪತ್ರಕರ್ತರ ಹುಡುಗಾಟಿಕೆಯಿಂದ ಹುಟ್ಟಿತು ಎಂದರೆ ಜನಕ್ಕೆ ಒಪ್ಪಿಗೆಯಾಗುವುದಿಲ್ಲ. ದೊಡ್ಡ ಫಲಕ್ಕೆ ದೊಡ್ಡ ಕಾರಣವೇ ಇರಬೇಕು ಎಂದು ನಮಗೆ ಅನಿಸುತ್ತದೆ. ಆದರೆ ಹುಟ್ಟಿದ ಕಾರಣವೇ ಬೇರೆ, ಉಳಿದ ಕಾರಣವೇ ಬೇರೆ. ಹುಟ್ಟಿದ್ದಕ್ಕೆ ಹಾಸ್ಯ ಸಾಕಾಯಿತು. ಉಳಿಯಲು ಚುನಾವಣೆ, ಜಾಕ್ಸನ್ ಕಥೆ, ತಂತಿ ಎಲ್ಲವೂ ಒಂದರ ಹಿಂದೊಂದು ಕೈಗೂಡಬೇಕಾಯಿತು. ಇವುಗಳಲ್ಲಿ ಒಂದು ತಪ್ಪಿದ್ದರೂ ಓಕೆಯನ್ನು ಇವತ್ತು ಹಳೆಯ ಪತ್ರಿಕೆ ಓದುವ ವಿದ್ವಾಂಸರು ಮಾತ್ರ ಬಲ್ಲವರಾಗಿರುತ್ತಿದ್ದರು. ಅಮೆರಿಕದ ಭಾಷಾವಿದ್ವಾಂಸ ಆಲನ್ ಮೆಟ್‌ಕಾಫ್ ಈ ಪದದ ಮೇಲೆಯೇ 2010ರಲ್ಲಿ ಒಂದು ಇಡೀ ಪುಸ್ತಕ ಬರೆದು, ಈ ಆಕಸ್ಮಿಕಗಳ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತೋರಿಸಿದ್ದಾರೆ. ಧ್ವನಿಮುದ್ರಣ ಇರುವ ಕಾಲದಲ್ಲೂ ಕಥೆಗಳು ಹೇಗೆ ಅಂಟಿಕೊಳ್ಳುತ್ತವೆ ಎನ್ನುವುದಕ್ಕೆ ಓಕೆಯ ಮಗುವೊಂದನ್ನೇ ನೋಡಬಹುದು. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಆಲನ್ ಶೆಪರ್ಡ್ ‘ಎ-ಓಕೆ’ ಎಂದರು ಎಂದು ಜಗತ್ತು ನಂಬಿತು. ಹಾಗೆಂದು ಪತ್ರಕರ್ತರಿಗೆ ಹೇಳಿದ್ದು ನಾಸಾದ ವಕ್ತಾರ. ಯಾನದ ಧ್ವನಿಮುದ್ರಣದಲ್ಲಿ ಶೆಪರ್ಡ್ ಆ ಪದ ಆಡಿದ್ದೇ ಇಲ್ಲ.

ಉಳಿಯಲು ಹೊರಗಿನ ಆಕಸ್ಮಿಕಗಳಷ್ಟೇ ಸಾಕಾಗಲಿಲ್ಲ. ಅರ್ಥದಲ್ಲೇ ಒಂದು ಅಪರೂಪದ ಗುಣ ಬೇಕಿತ್ತು. ಮೆಟ್‌ಕಾಫ್ ಗುರುತಿಸಿದ ಆ ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ: ಓಕೆ ಒಪ್ಪುತ್ತದೆ, ಆದರೆ ಹೊಗಳುವುದಿಲ್ಲ. ಊಟ ಹೇಗಿತ್ತು ಎಂದು ಕೇಳಿದಾಗ ‘ಓಕೆ’ ಎಂದವನು ಚೆನ್ನಾಗಿತ್ತು ಎಂದೂ ಹೇಳಿಲ್ಲ, ಕೆಟ್ಟದಾಗಿತ್ತು ಎಂದೂ ಹೇಳಿಲ್ಲ, ತಿನ್ನುವಂತಿತ್ತು, ಅಷ್ಟೆ. ವಿಮಾನ ಇಳಿದ ಮೇಲೆ ‘ಓಕೆ’ ಎಂದು ಸಂದೇಶ ಕಳಿಸಿದವರು ಪ್ರಯಾಣ ಹಿತವಾಗಿತ್ತೋ ಇಲ್ಲವೋ ಹೇಳಿಲ್ಲ, ಅಪಾಯವಿಲ್ಲ ಎಂದು ಮಾತ್ರ ತಿಳಿಸಿದ್ದಾರೆ. ತಂತಿ ಕಚೇರಿಗೂ ಇಷ್ಟೇ ಬೇಕಿತ್ತು: ಸಂದೇಶ ಬಂದು ಮುಟ್ಟಿದೆ ಎನ್ನುವುದು, ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎನ್ನುವುದಲ್ಲ. ಮಾತು ಮುಂದಕ್ಕೆ ಹೋಗಬೇಕು, ಭಾವನೆ ಸೇರಬಾರದು ಎನ್ನುವ ಕಡೆಯೆಲ್ಲ ಅದು ಸಲೀಸಾಗಿ ಕೂತಿತು. ಸಭೆಯಲ್ಲಿ ‘ಓಕೆ, ಮುಂದಿನ ವಿಷಯ’ ಎನ್ನುವಾಗ ಅದು ಒಪ್ಪಿಗೆಯೂ ಅಲ್ಲ, ಮಾತಿನ ಒಂದು ಭಾಗ ಮುಗಿಯಿತು ಎಂಬ ಗುರುತು ಮಾತ್ರ. ಕಂಪ್ಯೂಟರಿನ ಪರದೆಯ ಮೇಲೆ ಏನೋ ತಪ್ಪಾಗಿದೆ ಎಂಬ ಸೂಚನೆಯ ಕೆಳಗೆ ಓಕೆ ಎಂಬ ಗುಂಡಿ ಇದ್ದರೆ, ತಪ್ಪನ್ನು ನೀವು ಮೆಚ್ಚಿದಿರಿ ಎಂದಲ್ಲ, ಓದಿದಿರಿ ಎಂದಷ್ಟೇ ಅರ್ಥ. ಈ ತಟಸ್ಥತೆ ಒಮ್ಮೊಮ್ಮೆ ಚುಚ್ಚುವ ಆಯುಧವೂ ಆಗುತ್ತದೆ. 2019ರ ನವೆಂಬರಿನಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡುತ್ತಿದ್ದ ಯುವ ಸದಸ್ಯೆ ಕ್ಲೋಯಿ ಸ್ವಾರ್‌ಬ್ರಿಕ್, ಅಡ್ಡ ಮಾತನಾಡಿದ ಹಿರಿಯರಿಗೆ ‘ಓಕೆ ಬೂಮರ್’ ಎಂದು ಎರಡೇ ಪದಗಳಲ್ಲಿ ಉತ್ತರಿಸಿ ಮುಂದುವರಿದರು. ವಾದಕ್ಕಿಳಿಯದೆ, ‘ನೀವು ಹೇಳಿದ್ದು ಕಿವಿಗೆ ಬಿತ್ತು’ ಎಂದು ಮಾತ್ರ ಹೇಳುವುದೇ ಅಲ್ಲಿನ ಪೆಟ್ಟು.

ಇಷ್ಟೆಲ್ಲ ಬಳಕೆ ಇದ್ದರೂ ಶಿಷ್ಟ ಬರವಣಿಗೆ ಇದನ್ನು ಬಹಳ ಕಾಲ ಬಾಗಿಲ ಹೊರಗೇ ನಿಲ್ಲಿಸಿತ್ತು. ಲೂಯಿಸಾ ಮೇ ಆಲ್ಕಾಟ್‌ಳ ‘ಲಿಟಲ್ ವಿಮೆನ್’ ಕಾದಂಬರಿಯ 1869ರ ಎರಡನೆಯ ಭಾಗದಲ್ಲಿ ಪಾತ್ರವೊಂದರ ಬಾಯಲ್ಲಿ ಓಕೆ ಬರುತ್ತದೆ. 1880ರ ಪರಿಷ್ಕೃತ ಮುದ್ರಣದಲ್ಲಿ ಅದನ್ನು ತೆಗೆದು ಬೇರೆ ಪದ ಹಾಕಲಾಯಿತು. ಕನ್ನಡದ ಮಾತಿನಲ್ಲಿ ಅದಕ್ಕೆ ಅಂಥ ತಡೆಯೇನೂ ಎದುರಾಗಲಿಲ್ಲ. ‘ಸರಿ’, ‘ಆಯ್ತು’, ‘ಆಗಲಿ’, ‘ಹೂಂ’ ಎಂಬ ನಾಲ್ಕು ಪದಗಳು ಇದೇ ಕೆಲಸವನ್ನು ಹಂಚಿಕೊಂಡು ಮಾಡುತ್ತಿದ್ದರೂ ಓಕೆಗೆ ಜಾಗ ಸಿಕ್ಕಿತು. ಅದು ‘ಓಕೆ ಮಾಡು’, ‘ಓಕೆ ಆಯ್ತು’, ‘ಓಕೇನಾ?’ ಎಂದು ನಮ್ಮ ವ್ಯಾಕರಣಕ್ಕೆ ಒಗ್ಗಿತು. ಸಿನಿಮಾ ಸೆಟ್ಟಿನಲ್ಲಿ ನಿರ್ದೇಶಕ ‘ಟೇಕ್ ಓಕೆ’ ಎಂದರೆ ಮಾತ್ರ ಕ್ಯಾಮೆರಾ ಜಾಗ ಬದಲಾಯಿಸುತ್ತದೆ. ಅಲ್ಲೂ ಅದು 1865ರ ತಂತಿ ಕಚೇರಿಯಲ್ಲಿ ಮಾಡಿದ ಕೆಲಸವನ್ನೇ ಮಾಡುತ್ತಿದೆ.

ಇಂದಿನ ಅರ್ಥ ಗೊತ್ತಿರುವಾಗ ಹುಟ್ಟಿನ ಗೊಡವೆ ಏಕೆ ಎಂದು ಕೇಳುವವರಿಗೂ ಒಂದು ಮಾತು. ಮೂಲ ತಿಳಿದರೆ ಪದವನ್ನು ಬಳಸುವ ರೀತಿ ಬದಲಾಗುವುದಿಲ್ಲ, ನಿಜ, ಬದಲಾಗಲೂಬೇಕಿಲ್ಲ. ಆದರೆ ತಪ್ಪು ಮೂಲ ಹೇಳುವವನು ಪದದ ಬಗ್ಗೆ ಮಾತ್ರ ತಪ್ಪು ಹೇಳುವುದಿಲ್ಲ, ಮನುಷ್ಯರ ಬಗ್ಗೆಯೂ ತಪ್ಪು ಹೇಳುತ್ತಾನೆ: ಜಾಕ್ಸನ್ ಅಕ್ಷರಗೇಡಿ ಎಂದು ಹೇಳಿದಂತಾಗುತ್ತದೆ, ಬಿಸ್ಕತ್ತು ಮಾಡಿದವನಿಗೆ ಇಲ್ಲದ ಕೀರ್ತಿ ಕೊಟ್ಟಂತಾಗುತ್ತದೆ. ಮೊದಲ ಬರಹವೇ ಮೊದಲ ಮಾತಲ್ಲ, 1839ಕ್ಕಿಂತ ಮುಂಚೆಯೂ ಅದು ಯಾರ ಬಾಯಲ್ಲಾದರೂ ಇದ್ದಿರಬಹುದಲ್ಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಇದ್ದಿರಬಹುದು; ಪತ್ರಿಕಾ ಕಚೇರಿಯ ಹರಟೆಯಲ್ಲಿ ಕೆಲವು ವಾರವೋ ತಿಂಗಳೋ ಮೊದಲೇ ಅದು ಓಡಾಡಿರಲಿಕ್ಕೂ ಸಾಕು. ಆದರೆ ರೀಡ್ ಕೈಯಿಂದ ಮಗುಚಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಳೆಯ ಪತ್ರಿಕೆಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ, ಸಾವಿರಾರು ಆಸಕ್ತರು ಅವುಗಳಲ್ಲಿ ಹುಡುಕುತ್ತಲೇ ಇದ್ದಾರೆ, ಆದರೂ ಬಾಸ್ಟನ್ನಿನ ಮೂಲವನ್ನು ಅಲುಗಾಡಿಸುವಂಥದ್ದು ಬಂದಿಲ್ಲ. ನಾಳೆ 1838ರ ಬಾಸ್ಟನ್ ಪತ್ರಿಕೆಯೊಂದರಲ್ಲಿ ಓಕೆ ಸಿಕ್ಕರೆ ತಾರೀಖು ಒಂದಿಷ್ಟು ಹಿಂದಕ್ಕೆ ಹೋಗುತ್ತದೆ, ವಾದ ಹಾಗೆಯೇ ನಿಲ್ಲುತ್ತದೆ. 1820ರ ದಶಕದ ಮಿಸಿಸಿಪ್ಪಿಯ ವ್ಯಾಪಾರಿಯೊಬ್ಬ ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ಅದು ‘ಒಪ್ಪಿದೆ’ ಎಂಬ ಅರ್ಥದಲ್ಲಿ, ತಿದ್ದುಗೀಟಿಲ್ಲದೆ ಸ್ಪಷ್ಟವಾಗಿ ಸಿಕ್ಕರೆ ಮಾತು ಬೇರೆ: ಆಗ ನಾನು ಇಲ್ಲಿ ಬರೆದದ್ದನ್ನೆಲ್ಲ ಬಿಟ್ಟು ಚಾಕ್ಟಾ ಜನರ ಪರವಾಗಿ ಬರೆಯುತ್ತೇನೆ.